ಮೆಕ್ಕೆಜೋಳದ ಹುಳು, ಕೊರೊನಾ ಮುಳ್ಳು!

ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿ. ಹಸಿ ಹಿಕ್ಕೆಯ ನಡುವೆ ಒಂದು ಹುಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಗುರುತು. ಬಾಲದ ಬಳಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ.

ಗುರುತು ಸಿಕ್ಕಿತೇ? ಹೌದು, ಅದೇ ಸೈನಿಕ ಹುಳು! 2018ರಲ್ಲಿ ಭಾರತದಲ್ಲೇ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ. ರೈತರ ನಿದ್ದೆಗೆಡಿಸಿದ ಹುಳು.

ಈಗ ಹೇಳಿ, ಇದಕ್ಕೂ ಕೊರೊನಾ ಲಸಿಕೆಗೂ ಏನು ನಂಟು?

ಹುಳುವನ್ನು ಅರೆದು ಔಷಧಿ ಮಾಡಿದರೇ? ಅಲ್ಲ! ಇದರ ಜೀವಕೋಶಗಳೇ ಕೊರೊನಾ ವೈರಸ್ಸಿನ ಮುಳ್ಳನ್ನು ತಯಾರಿಸಿಕೊಡುತ್ತವೆ! ಕೊರೊನಾ ವೈರಸ್ ಬೇಡ, ರೋಗದ ಭಯವಿಲ್ಲ. ಬರೀ ಮುಳ್ಳು, ಅಂದರೆ ಸ್ಪೈಕ್ ಪ್ರೊಟೀನ್!

ಆ ಜೀವಕೋಶಗಳ ಹೆಸರು ಎಸ್‌ಎಫ್9. ಪ್ಯೂಪಾ ಹಂತದ ಹುಳುವಿನ ಅಂಡಾಶಯದಿಂದ ದಶಕಗಳ ಹಿಂದೆ ಅಮೆರಿಕದಲ್ಲಿ ಶುರುವಾದ ವಂಶ ಅದು. ಹುಳು ಯಾವತ್ತೋ ಹೋಯಿತು. ಜೀವಕೋಶಗಳು ಇವತ್ತಿಗೂ ದ್ವಿಗುಣವಾಗುತ್ತಲೇ ಇವೆ! ಸುಮಾರು 27 ಡಿಗ್ರಿ ಬಿಸಿ ಇದ್ದರೆ ಸಾಕು.

ಆದರೆ ಮುಳ್ಳು ತಯಾರಿಸಲು ಅದರ ಜೀನ್ ಬೇಕಲ್ಲ, ಅದನ್ನು ಜೀವಕೋಶದ ಒಳಗೆ ಒಯ್ಯುವವರು ಯಾರು? ಇನ್ನೊಂದು ವೈರಸ್!

ಅದರ ಹೆಸರು ಬ್ಯಾಕುಲೊವೈರಸ್. ಹೊಲದಲ್ಲಿ ಇದು ಭಯಂಕರ. ಸೋಂಕು ತಗುಲಿದ ಹುಳು ಗಿಡದ ತುದಿಗೆ ಹತ್ತುತ್ತದೆ, ಅಲ್ಲೇ ಸತ್ತು ಕರಗಿ ನೀರಾಗಿ ತೊಟ್ಟಿಕ್ಕುತ್ತದೆ! ಬಿಸಿಲಿನಿಂದ ಉಳಿಯಲು ವೈರಸ್ ತನ್ನ ಸುತ್ತ ಪ್ರೊಟೀನಿನ ಹರಳು ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ರಾಶಿ ರಾಶಿ ಪ್ರೊಟೀನ್! ಪ್ರಯೋಗಾಲಯದಲ್ಲಿ ಬಿಸಿಲೆಲ್ಲಿದೆ? ಹರಳೇ ಬೇಡ. ಹಾಗಾದರೆ ಹರಳಿನ ಜೀನ್ ತೆಗೆದು, ನಮಗೆ ಬೇಕಾದ ಜೀನ್ ಇಟ್ಟರೆ?

1983ರಲ್ಲಿ ಟೆಕ್ಸಾಸ್‌ನ ಗೇಲ್ ಸ್ಮಿತ್ ಮತ್ತು ಮ್ಯಾಕ್ಸ್ ಸಮ್ಮರ್ಸ್ ಅದನ್ನೇ ಮಾಡಿದರು. ಕೀಟದ ಜೀವಕೋಶದಲ್ಲಿ ಮನುಷ್ಯರ ಇಂಟರ್‌ಫೆರಾನ್ ಎಂಬ ಪ್ರೊಟೀನ್ ತಯಾರಾಯಿತು! ಅದೇ ಸ್ಮಿತ್ ಮುಂದೆ ನೊವಾವ್ಯಾಕ್ಸ್ ಕಂಪನಿ ಸೇರಿದರು. ಆ ಕಂಪನಿಯ ಕೊರೊನಾ ಲಸಿಕೆಗೂ ಇದೇ ಉಪಾಯ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಕೊವೊವ್ಯಾಕ್ಸ್ ಅದೇ ಲಸಿಕೆ!

ಒಂದು ಡೋಸಿಗೆ ಎಷ್ಟು ಪ್ರೊಟೀನ್ ಬೇಕು, ಊಹಿಸಿ. ಒಂದು ಗ್ರಾಂ? ಒಂದು ಮಿಲಿಗ್ರಾಂ? ಬರೀ 5 ಮೈಕ್ರೋಗ್ರಾಂ! ಒಂದು ಗ್ರಾಂ ಪ್ರೊಟೀನ್ ಇದ್ದರೆ ಎರಡು ಲಕ್ಷ ಡೋಸ್!

ನನಗೆ ಎಲ್ಲಕ್ಕಿಂತ ರೋಮಾಂಚನ ತಂದದ್ದು ಮಾತ್ರ ಇನ್ನೊಂದು. 2020ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಜ್ಞಾನಿಗಳು ಕೀಟದ ಜೀವಕೋಶಗಳಲ್ಲಿ ತಯಾರಾದ ಮುಳ್ಳನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುಳ್ಳಿನಲ್ಲಿ ಒಂದು ಗುಳಿ. ಗುಳಿಯೊಳಗೆ ಏನೋ ಕೂತಿದೆ! ಏನದು?

ಲಿನೊಲಿಯಿಕ್ ಆಮ್ಲ! ಸೂರ್ಯಕಾಂತಿ ಎಣ್ಣೆಯಲ್ಲಿ, ಕುಸುಬೆ ಎಣ್ಣೆಯಲ್ಲಿ ತುಂಬಿರುವ ಅದೇ ಕೊಬ್ಬಿನಾಮ್ಲ! ಅದು ಗುಳಿಯಲ್ಲಿ ಕೂತರೆ ಮುಳ್ಳು ಮುಚ್ಚಿಕೊಳ್ಳುತ್ತದೆ, ನಮ್ಮ ಜೀವಕೋಶಕ್ಕೆ ಅಂಟುವ ಭಾಗ ಸುಲಭಕ್ಕೆ ತೆರೆಯುವುದಿಲ್ಲ. ಹಾಗಂತ ಎಣ್ಣೆ ಕುಡಿದು ಕೊರೊನಾ ತಡೆಯಲಾಗದು! ಆದರೆ ಆ ಗುಳಿಗೆ ಗಟ್ಟಿಯಾಗಿ ಕೂರುವ ಔಷಧಿ ಸಿಕ್ಕಿದರೆ?

ಇನ್ನೂ ಒಂದಿದೆ ಕೇಳಿ. 2003ರಲ್ಲಿ ಜಗತ್ತನ್ನು ನಡುಗಿಸಿದ ಸಾರ್ಸ್ ವೈರಸ್ಸಿನ ಮುಳ್ಳಿನಲ್ಲೂ ಅದೇ ಗುಳಿ ಇದೆ!