ತೊಟ್ಟಿ ಸಣ್ಣದು, ಮೀನು ಎಷ್ಟು ಬಿಡಬೇಕು?



ಸೋಲಾಪುರದ ಪೇಟೆಗೆ ಹೋದಾಗ ಬಣ್ಣದ ಮೀನಿನ ಅಂಗಡಿ ನೋಡಿರುತ್ತೀರಿ. ಗಾಜಿನ ತೊಟ್ಟಿಯಲ್ಲಿ ಕೆಂಪು, ಹಳದಿ, ಕಪ್ಪು ಮೀನು ಓಡಾಡುತ್ತಿರುತ್ತವೆ. ಮಕ್ಕಳು ಅಲ್ಲಿಂದ ಕಾಲು ಕೀಳುವುದಿಲ್ಲ. ‘ಅವ್ವಾ, ನಮ್ಮ ಮನಿಗೂ ಒಂದು ತಗೋ’ ಎಂದು ಸೆರಗು ಜಗ್ಗುತ್ತವೆ. ಈಗ ಅಕ್ಕಲಕೋಟ, ಜತ್ತ ಕಡೆಯ ಹಳ್ಳಿಗಳಲ್ಲೂ ಇಂಥ ತೊಟ್ಟಿ ಅಲ್ಲಲ್ಲಿ ಕಾಣುತ್ತದೆ. ಜನ ಅದಕ್ಕೆ ಫಿಶ್ ಟ್ಯಾಂಕ್ ಎನ್ನುತ್ತಾರೆ.

ತೊಟ್ಟಿ ತಂದ ಮೊದಲ ವಾರ ಎಲ್ಲ ಚೆಂದ. ಎರಡನೇ ವಾರ ಒಂದು ಮೀನು ಸಾಯುತ್ತದೆ. ಮರುದಿನ ಮತ್ತೆರಡು ಸಾಯುತ್ತವೆ. ತಿಂಗಳು ತುಂಬುವುದರೊಳಗೆ ತೊಟ್ಟಿ ಖಾಲಿ. ಮಗು ಅಳುತ್ತದೆ. ಒಬ್ಬರು ‘ದೃಷ್ಟಿ ಆತು’ ಅಂತಾರೆ. ಇನ್ನೊಬ್ಬರು ‘ಮನಿಗೆ ಬರೋ ಪೀಡಾ ಮೀನ ತಗೊಂಡು ಹೋತು, ಛಲೋನ ಆತು’ ಅಂತಾರೆ. ಮತ್ತೊಬ್ಬರು ‘ಹಸದು ಸತ್ತಿರಬೇಕು’ ಎಂದು ಉಳಿದ ಮೀನಿಗೆ ಮುಷ್ಟಿಗಟ್ಟಲೆ ಕಾಳು ಹಾಕ್ತಾರೆ. ಆಗ ಉಳಿದವೂ ಸಾಯುತ್ತವೆ.

ದೃಷ್ಟಿಯೂ ಇಲ್ಲ, ಪೀಡೆಯೂ ಇಲ್ಲ. ಹಸಿವಂತೂ ಅಲ್ಲವೇ ಅಲ್ಲ. ಮನೆಯ ತೊಟ್ಟಿಯಲ್ಲಿ ಮೀನು ಸಾಯಲು ಬಹಳ ಸಲ ಎರಡೇ ಕಾರಣ. ಒಂದು, ನೀರಿಗಿಂತ ಮೀನು ಹೆಚ್ಚು. ಎರಡು, ಹೊಂದಿಕೆ ಇಲ್ಲದ ಮೀನುಗಳನ್ನು ಒಂದೇ ಕಡೆ ಕೂಡಿಸಿದ್ದು. ಎರಡನ್ನೂ ನಾವು ಮೀನು ಕೊಳ್ಳುವ ಮೊದಲೇ ತಪ್ಪಿಸಬಹುದು.

ಕಣ್ಣಿಗೆ ಕಾಣದ ಹೊಲಸು

ಮೀನಿಗೆ ಆ ನೀರೇ ಮನೆ. ಅದೇ ನೀರಲ್ಲಿ ಊಟ, ಅದೇ ನೀರಲ್ಲಿ ಉಸಿರು, ಅದೇ ನೀರಲ್ಲಿ ಮಲಮೂತ್ರ. ಮುಂಜಾನೆ ದನದ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಒಂದು ಘಾಟು ಹೊಡೆಯುತ್ತದೆ ಅಲ್ಲವೇ? ಅದರ ಹೆಸರು ಅಮೋನಿಯಾ. ಮೀನು ಕೂಡ ಹಗಲು ರಾತ್ರಿ ಅಮೋನಿಯಾ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಕಾಳು ಕೊಳೆತರೂ ಅದೇ ಅಮೋನಿಯಾ. ಅದು ನೀರಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ, ಒಳಗೆ ಮೀನಿನ ಕಿವಿರು ಸುಡುತ್ತಿರುತ್ತದೆ. ಕಿವಿರು ಎಂದರೆ ಮೀನು ಉಸಿರಾಡುವ ಅಂಗ.

ಈ ವಿಷವನ್ನು ಕಡಿಮೆ ಮಾಡುವ ಸಣ್ಣ ಜೀವಾಣುಗಳು ಇವೆ. ಅವು ತೊಟ್ಟಿಯ ಉಸುಕಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುತ್ತವೆ. ಅಮೋನಿಯಾವನ್ನು ತಿಂದು ಅಷ್ಟು ಕೆಡುಕಲ್ಲದ ವಸ್ತುವನ್ನಾಗಿ ಮಾಡುತ್ತವೆ. ಆದರೆ ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಕೂಡಲೇ ಮೊಸರಾಗುತ್ತದೆಯೇ? ಒಂದು ರಾತ್ರಿಯಾದರೂ ಬೇಕು. ಈ ಜೀವಾಣುಗಳು ಬೆಳೆಯಲು 4ರಿಂದ 6 ವಾರ ಬೇಕು. ಅದಕ್ಕೇ ಮೊದಲ ದಿನವೇ ಹತ್ತು ಮೀನು ತಂದು ಬಿಟ್ಟವರ ಮನೆಯಲ್ಲಿ ಎರಡನೇ ವಾರ ಸಾವು ಶುರುವಾಗುತ್ತದೆ.

ಹೊಸ ತೊಟ್ಟಿಗೆ ಮೊದಲು ಎರಡು ಅಥವಾ ಮೂರು ಸಣ್ಣ ಮೀನು ಸಾಕು. ಆರು ವಾರ ಕಳೆದ ಮೇಲೆ ಮತ್ತೆರಡು ತನ್ನಿ. ನೆರೆಯವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿ ಇದ್ದರೆ ಅದರ ಒಂದು ಹಿಡಿ ಉಸುಕು ಕೇಳಿ ತಂದು ಹಾಕಿ. ಅದೇ ಹೆಪ್ಪು.

ನಮ್ಮ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಕೇಳಿದರು. ‘ಕೆರಿಯಾಗ ಸಾವಿರ ಮೀನ ಇರ್ತಾವಲ್ರೀ, ಅಲ್ಲಿ ಯಾರು ನೀರ ಬದ್ಲಿ ಮಾಡ್ತಾರ?’ ಒಳ್ಳೆಯ ಪ್ರಶ್ನೆ. ಕೆರೆಯಲ್ಲಿ ಒಂದು ಮೀನಿಗೆ ನೂರಾರು ಕೊಡ ನೀರು ಇರುತ್ತದೆ. ಕೆಸರು, ಪಾಚಿ, ಗಿಡ, ಗಾಳಿ ಎಲ್ಲ ಕೂಡಿ ಆ ನೀರನ್ನು ಸ್ವಚ್ಛ ಇಡುತ್ತವೆ. ಅದೇ ಕೆರೆ ಬೇಸಿಗೆಯಲ್ಲಿ ಬತ್ತಿ ಹೊಂಡದಷ್ಟು ನೀರು ಉಳಿದಾಗ ಏನಾಗುತ್ತದೆ? ಮೀನು ಸತ್ತು ತೇಲುವುದನ್ನು ನಾವೆಲ್ಲ ನೋಡಿದ್ದೇವೆ. ತೊಟ್ಟಿ ಎಂದರೆ ಯಾವಾಗಲೂ ಬೇಸಿಗೆಯ ಹೊಂಡವೇ.

ಲೆಕ್ಕ ಹೀಗೆ

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿರಿ. ಬಂದ ಉತ್ತರವನ್ನು 28ರಿಂದ ಗುಣಿಸಿರಿ. ಅಷ್ಟು ಲೀಟರ್ ನೀರು ಅದರಲ್ಲಿ ಹಿಡಿಯುತ್ತದೆ.

ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವುದು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ.
2 × 1 × 1 = 2
2 × 28 = 56 ಲೀಟರ್

ಆದರೆ ತಳದಲ್ಲಿ ಉಸುಕು ಇರುತ್ತದೆ. ಮೇಲೆ ಮೂರು ಬೆರಳು ಜಾಗ ಬಿಡುತ್ತೇವೆ. ಹಾಗಾಗಿ ಖರೇ ನೀರು ಸುಮಾರು 45 ಲೀಟರ್, ಅಂದರೆ ಮೂರು ಕೊಡ.

ಈಗ ಮೀನಿನ ಲೆಕ್ಕ. ಸಣ್ಣ, ತೆಳ್ಳಗಿನ ಮೀನಾದರೆ ಅದರ 1 ಸೆಂಟಿಮೀಟರ್ ಉದ್ದಕ್ಕೆ 2 ಲೀಟರ್ ನೀರು ಬೇಕು. ಬಾಲ ಬಿಟ್ಟು ಅಳೆಯಬೇಕು. 45 ಲೀಟರ್ ನೀರಿಗೆ ಒಟ್ಟು 22 ಸೆಂಟಿಮೀಟರ್ ಮೀನು. ಗಂಡು ಗಪ್ಪಿ ಮೀನು ಸುಮಾರು 3 ಸೆಂಟಿಮೀಟರ್ ಇರುತ್ತದೆ. ಹಾಗಾದರೆ 7 ಗಪ್ಪಿ. ಪಟ್ಟೆ ಪಟ್ಟೆಯ ಜೀಬ್ರಾ ಮೀನು ಸುಮಾರು 4 ಸೆಂಟಿಮೀಟರ್. ಅದು ಗುಂಪಿನ ಮೀನು, ಒಂದೆರಡೇ ಇದ್ದರೆ ಅಂಜುತ್ತದೆ. 6 ಬಿಟ್ಟರೆ 24 ಸೆಂಟಿಮೀಟರ್ ಆಗುತ್ತದೆ. ಎರಡು ಸೆಂಟಿಮೀಟರ್ ಹೆಚ್ಚಾದರೆ ಕೆಡುವುದಿಲ್ಲ. ಇದು ಅಂದಾಜಿನ ಲೆಕ್ಕ, ಬಂಗಾರದ ತೂಕ ಅಲ್ಲ. ಆದರೆ ಇಪ್ಪತ್ತು ಮೀನು ಬಿಡಬೇಡಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಲೆಕ್ಕ ಹಾಕಬೇಕಾದ್ದು ಮೀನಿನ ಇವತ್ತಿನ ಉದ್ದವನ್ನಲ್ಲ, ಬೆಳೆದ ಮೇಲಿನ ಉದ್ದವನ್ನು. ಅಂಗಡಿಯಲ್ಲಿ ಇರುವುದೆಲ್ಲ ಮರಿಗಳು. ಅಂಗಡಿಯವ ‘ಹತ್ತು ತಗೋರಿ ಅಕ್ಕಾರ, ಚಂದ ಕಾಣ್ತಾವ’ ಅಂತಾನ. ನೀವು ಒಂದೇ ಪ್ರಶ್ನೆ ಕೇಳಿ. ‘ಅಣ್ಣಾ, ಇದು ಬೆಳದ ಮ್ಯಾಲ ಎಷ್ಟು ಉದ್ದ ಆಗತೈತಿ?’ ಉತ್ತರ ಸರಿ ಬರದಿದ್ದರೆ ಆ ಮೀನು ಬೇಡ.

ದುಂಡನೆಯ ಗಾಜಿನ ಬುರುಡೆಯಲ್ಲಿ ಮೀನು ಇಡುವುದು ನನಗೆ ಸರಿ ಕಾಣುವುದಿಲ್ಲ. ಸಿನಿಮಾದಲ್ಲಿ ಚೆಂದ. ಗಾಳಿ ನೀರಿಗೆ ಸೇರುವುದು ಮೇಲ್ಭಾಗದಿಂದ. ಬುರುಡೆಯ ಬಾಯಿ ಸಣ್ಣದು, ಬಾಯಿತನಕ ನೀರು ತುಂಬಿದರೆ ಗಾಳಿ ಸೇರುವ ಜಾಗವೂ ಸಣ್ಣದು. ನೀರೂ ಎರಡು ತಂಬಿಗೆ ಹೆಚ್ಚಿರುವುದಿಲ್ಲ.

ಯಾವ ಮೀನು ಯಾವುದರ ಸಂಗಡ?

ಗೋಲ್ಡ್ ಫಿಶ್ ಎಲ್ಲರಿಗೂ ಬೇಕು. ಬಣ್ಣ ಚಿನ್ನದ್ದು, ಬೆಲೆಯೂ ಕಡಿಮೆ. ಆದರೆ ಅದು 15ರಿಂದ 20 ಸೆಂಟಿಮೀಟರ್ ಬೆಳೆಯುತ್ತದೆ. ಮೈ ದಪ್ಪ, ಹೊಲಸೂ ಬಹಳ. ನಾನು ಹೇಳಿದ ಸೆಂಟಿಮೀಟರ್ ಲೆಕ್ಕ ಇದಕ್ಕೆ ಸಾಲುವುದಿಲ್ಲ. ಮೇಲಾಗಿ ಇದು ತಂಪು ನೀರಿನ ಮೀನು. ನಮ್ಮ ಬೇಸಿಗೆ ಅದಕ್ಕೆ ತಡೆಯುವುದಿಲ್ಲ. ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ನುಂಗುತ್ತದೆ ಕೂಡ. ಎರಡು ಅಡಿ ತೊಟ್ಟಿಗೆ ಗೋಲ್ಡ್ ಫಿಶ್ ಬೇಡವೆಂದೇ ನನ್ನ ಮಾತು.

ಫೈಟರ್ ಮೀನು ಹೆಸರಿಗೆ ತಕ್ಕ ಹಾಗೆ ಜಗಳಗಂಟ. ಇದು ಥಾಯ್ಲೆಂಡ್ ದೇಶದ ಕಡೆಯದು. ಎರಡು ಗಂಡು ಫೈಟರ್ ಒಂದೇ ತೊಟ್ಟಿಯಲ್ಲಿ ಇದ್ದರೆ ಒಂದು ಸಾಯುವ ತನಕ ಕಾದಾಡಬಹುದು. ಉದ್ದ ಬಾಲದ ಗಪ್ಪಿಯನ್ನು ಕಂಡರೂ ಇನ್ನೊಂದು ಫೈಟರ್ ಎಂದು ತಿಳಿದು ಮೈಮೇಲೆ ಹೋಗುತ್ತದೆ. ಇದನ್ನು ಒಂಟಿಯಾಗಿಯೇ ಸಾಕಬೇಕು. ಇದು ನೀರಿನ ಮೇಲೆ ಬಂದು ನೇರವಾಗಿ ಗಾಳಿ ಕುಡಿಯುತ್ತದೆ. ಅದಕ್ಕೇ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಜೀವ ಹಿಡಿದಿರುತ್ತದೆ. ಮನೆಯಲ್ಲಿ ಹಾಗೆ ಇಡಬೇಡಿ. ಒಂದು ಕೊಡದಷ್ಟಾದರೂ ನೀರು ಕೊಡಿ.

ಟೈಗರ್ ಬಾರ್ಬ್ ಎಂಬ ಪಟ್ಟೆ ಮೀನು ತುಂಟ. ಬೇರೆ ಮೀನಿನ ಉದ್ದ ರೆಕ್ಕೆ, ಬಾಲ ಕಚ್ಚಿ ಹರಿಯುತ್ತದೆ. ಏಂಜಲ್ ಮೀನಿನ ಸಂಗಡ ಇದನ್ನು ಕೂಡಿಸಬಾರದು. ಏಂಜಲ್ ಮೀನು ಸಾಧು ಎನ್ನಬೇಡಿ ಮತ್ತೆ. ಅದು ಅಂಗೈಯಷ್ಟು ಬೆಳೆದ ಮೇಲೆ ಬೆರಳಷ್ಟು ಮೀನನ್ನು ತಿನ್ನುತ್ತದೆ. ಆಸ್ಕರ್ ಮೀನು ಒಂದು ಅಡಿ ಬೆಳೆಯುತ್ತದೆ. ಅದರ ಸುದ್ದಿಯೇ ನಮಗೆ ಬೇಡ.

ಹಾಗಾದರೆ ಯಾವುದನ್ನು ಸಾಕಬೇಕು? ನಮ್ಮ ಕಡೆಯ ಬೋರಿನ ನೀರು ಬಹಳ ಕಡೆ ಗಡಸು. ನೀರು ಕಾಯಿಸಿದ ಪಾತ್ರೆಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದೇ ಗುರುತು. ಗಪ್ಪಿ, ಪ್ಲೇಟಿ ಮೀನುಗಳು ಗಡಸು ನೀರಿನಲ್ಲಿ ಚೆನ್ನಾಗಿ ಇರುತ್ತವೆ. ಒಂದರ ಸಂಗಡ ಒಂದು ಹೊಂದಿಕೊಳ್ಳುತ್ತವೆ. ನೀಲಿ ಗೆರೆಯ ನಿಯಾನ್ ಟೆಟ್ರಾ ಮೀನಿಗೆ ಮೆದು ನೀರು ಬೇಕು. ಇದರ ಮೂಲ ಅಮೆಜಾನ್ ಕಾಡಿನ ಹೊಳೆಗಳು. ನೋಡಲು ಎಷ್ಟೇ ಚೆಂದವಿದ್ದರೂ ಬೋರಿನ ನೀರಿಗೆ ತರಬೇಡಿ.

ಗಪ್ಪಿಯಲ್ಲಿ ಒಂದು ಎಚ್ಚರ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಸುಮಾರು ತಿಂಗಳಿಗೊಮ್ಮೆ, ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿ. ನೀವು ನಾಲ್ಕೇ ತಂದಿದ್ದರೂ ನಾಲ್ಕು ತಿಂಗಳಲ್ಲಿ ತೊಟ್ಟಿ ಸಂತೆ ಆಗುತ್ತದೆ. ಹೆಣ್ಣು ಗಪ್ಪಿ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು. ಅದಕ್ಕೆ ಬರೀ ಗಂಡು ತನ್ನಿ. ಗಂಡು ಸಣ್ಣದು, ಬಣ್ಣ ಹೆಚ್ಚು, ಬಾಲ ದೊಡ್ಡದು. ಹೆಣ್ಣು ದೊಡ್ಡದು, ಬಣ್ಣ ಕಡಿಮೆ, ಹೊಟ್ಟೆ ದುಂಡಗೆ. ಪ್ಲೇಟಿಯೂ ಮರಿ ಹಾಕುವ ಜಾತಿಯೇ.

ಬೇಸಿಗೆ ಬಂದಾಗ

ಬಿಸಿ ನೀರಲ್ಲಿ ಗಾಳಿ ಕಡಿಮೆ ಕರಗುತ್ತದೆ. 20 ಡಿಗ್ರಿ ಇರುವ ಒಂದು ಲೀಟರ್ ನೀರಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಇರಬಲ್ಲದು. 30 ಡಿಗ್ರಿ ಆದರೆ ಏಳೂವರೆ ಮಿಲಿಗ್ರಾಂ ಮಾತ್ರ. ಆದರೆ ಬಿಸಿಯಲ್ಲಿ ಮೀನಿಗೆ ಉಸಿರು ಹೆಚ್ಚು ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಲೈಟ್ ಹೋದರೆ ಗಾಳಿಯ ಪಂಪೂ ನಿಲ್ಲುತ್ತದೆ. ಚಳಿಗಾಲದಲ್ಲಿ ಸುಖವಾಗಿದ್ದ ಹತ್ತು ಮೀನು ಮೇ ತಿಂಗಳ ಒಂದೇ ರಾತ್ರಿಯಲ್ಲಿ ಸಾಯುವುದು ಹೀಗೆ. ಆದ್ದರಿಂದ ಲೆಕ್ಕವನ್ನು ಬೇಸಿಗೆಗೆ ಹಾಕಬೇಕು.

ತೊಟ್ಟಿಯನ್ನು ತಗಡಿನ ಕೆಳಗೆ ಇಡಬೇಡಿ, ಕಿಟಕಿಯ ಬಿಸಿಲಿಗೂ ಇಡಬೇಡಿ. ಲೈಟ್ ಹೋದಾಗ ಮಗ್ಗಿನಿಂದ ಅದೇ ನೀರನ್ನು ಎತ್ತಿ ಎತ್ತಿ ಮೇಲಿಂದ ಸುರಿಯಿರಿ. ಗಾಳಿ ಸೇರುತ್ತದೆ. ಈ ಕೆಲಸ ಮಕ್ಕಳಿಗೆ ಕೊಡಿ, ಖುಷಿಯಿಂದ ಮಾಡುತ್ತವೆ.

ಮುಂಜಾನೆ ಎದ್ದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಆಗ ಕಾಳು ಹಾಕಬೇಡಿ. ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಿ. ಹರಿದ ಬಾಲ, ಮೂಲೆಯಲ್ಲಿ ಅಡಗಿ ಕೂತ ಮೀನು ಕಂಡರೆ ತೊಟ್ಟಿಯೊಳಗೆ ಯಾವುದೋ ಕಾಟ ಕೊಡುತ್ತಿದೆ ಎಂದು ತಿಳಿಯಿರಿ.

ನೀರು ಬದಲಿಸುವುದು ವಾರಕ್ಕೊಮ್ಮೆ, ಕಾಲು ಭಾಗ ಮಾತ್ರ. ಎಲ್ಲ ನೀರು ಚೆಲ್ಲಿ ತೊಟ್ಟಿಯನ್ನು ತಿಕ್ಕಿ ತೊಳೆದರೆ ಹೆಪ್ಪೇ ಹೋಗುತ್ತದೆ. ನಳದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇರುತ್ತದೆ. ಅದು ಮೀನಿಗೂ ವಿಷ, ಜೀವಾಣುವಿಗೂ ವಿಷ. ಬಕೆಟಿನಲ್ಲಿ ಹಿಡಿದು ಒಂದು ದಿನ ಬಾಯಿ ತೆರೆದು ಇಟ್ಟು ಆಮೇಲೆ ಹಾಕಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಆ ಹಳೆಯ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಗಿಡ ಚೆನ್ನಾಗಿ ಬರುತ್ತದೆ. ಕಾಳು ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು.

ಹೆಚ್ಚಾದ ಮೀನು ಏನು ಮಾಡಬೇಕು?

ಅಂಗಡಿಯವರು ‘ಇದು ಟ್ಯಾಂಕ್ ಸ್ವಚ್ಛ ಮಾಡೋ ಮೀನು’ ಎಂದು ಕಪ್ಪು ಬಣ್ಣದ, ಗಾಜಿಗೆ ಬಾಯಿ ಅಂಟಿಸುವ ಮೀನು ಕೊಡುತ್ತಾರೆ. ಅದಕ್ಕೆ ಸಕ್ಕರ್ ಮೀನು ಎನ್ನುತ್ತಾರೆ. ಅದು ಪಾಚಿ ತಿನ್ನುವುದು ನಿಜ. ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡುವುದೂ ನಿಜ. ಬೆರಳುದ್ದ ಇದ್ದದ್ದು ಒಂದು ಅಡಿಗಿಂತ ಹೆಚ್ಚು ಬೆಳೆಯುತ್ತದೆ. ಆಗ ಜನ ಅದನ್ನು ಹಳ್ಳಕ್ಕೋ ಕೆರೆಗೋ ಬಿಟ್ಟು ಬರುತ್ತಾರೆ. ಪುಣ್ಯ ಬಂತು ಎಂದುಕೊಳ್ಳುತ್ತಾರೆ.

ಆಂಧ್ರ, ತೆಲಂಗಾಣ, ಕೇರಳದ ನೀರುಗಳಲ್ಲಿ ಈ ಮೀನು ಈಗ ಬೆಳೆದು ನಿಂತಿದೆ. ಮೂಲ ದಕ್ಷಿಣ ಅಮೆರಿಕದ್ದು. ಮೈಮೇಲೆ ಮುಳ್ಳಿನಂಥ ಗಟ್ಟಿ ಚಿಪ್ಪು. ಮೀನುಗಾರರ ಬಲೆ ಹರಿಯುತ್ತದೆ. ಮಾರಲು ಹೋದರೆ ಕೊಳ್ಳುವವರಿಲ್ಲ. ನಮ್ಮ ಭೀಮಾ ಹೊಳೆಯ ದಂಡೆಯಲ್ಲೂ ಮೀನು ಹಿಡಿದು ಹೊಟ್ಟೆ ಹೊರೆಯುವ ಮನೆಗಳು ಇವೆ. ಆದ್ದರಿಂದ ತೊಟ್ಟಿಯ ಯಾವ ಮೀನನ್ನೂ ಹೊಳೆ, ಹಳ್ಳ, ಕೆರೆ, ಬಾವಿಗೆ ಬಿಡಬೇಡಿ. ಗಪ್ಪಿಯನ್ನೂ ಬಿಡಬೇಡಿ. ಹೆಚ್ಚಾದ ಮೀನನ್ನು ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ತೊಟ್ಟಿ ಇರುವ ಬೇರೆಯವರಿಗೆ ಕೊಡಿ. ಸಕ್ಕರ್ ಮೀನನ್ನು ಮೊದಲೇ ತರದಿದ್ದರೆ ಈ ಚಿಂತೆಯೇ ಇಲ್ಲ.

ಲೆಕ್ಕ ಮಾಡಿರಿ

1. ಒಂದು ತೊಟ್ಟಿ ಒಂದೂವರೆ ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ ಇದೆ. ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ?

2. ಉಸುಕು ಮತ್ತು ಮೇಲಿನ ಖಾಲಿ ಜಾಗಕ್ಕೆ 10 ಲೀಟರ್ ಕಳೆಯಿರಿ. ಉಳಿದ ನೀರಿಗೆ 3 ಸೆಂಟಿಮೀಟರಿನ ಗಂಡು ಗಪ್ಪಿ ಎಷ್ಟು ಬಿಡಬಹುದು?

ಉತ್ತರವನ್ನು ವಹಿಯಲ್ಲಿ ಬರೆದು ಕೇಂದ್ರಕ್ಕೆ ಬರುವಾಗ ತನ್ನಿರಿ.