ಹೊಸ ಫೋನ್ ವಾಪಸಾದರೆ ಹಳೆಯದರ ಲೆಕ್ಕ ಯಾರು ಕೊಡಬೇಕು?

2007ರ ಆಗಸ್ಟ್ 14ರಂದು ನೋಕಿಯಾ ಹೊರಡಿಸಿದ ಪ್ರಕಟಣೆಯೊಂದು ಭಾರತದ ಜನರು ತಮ್ಮ ಮೊಬೈಲ್‌ಗಳ ಹಿಂಬದಿಯ ಮುಚ್ಚಳ ತೆಗೆದು ನೋಡುವಂತೆ ಮಾಡಿತು. 2005ರ ಡಿಸೆಂಬರ್‌ನಿಂದ 2006ರ ನವೆಂಬರ್‌ವರೆಗೆ ಜಪಾನಿನ ಮತ್ಸುಶಿತಾ ಕಂಪನಿ ತಯಾರಿಸಿದ ಬಿಎಲ್-5ಸಿ ಬ್ಯಾಟರಿಗಳು ಚಾರ್ಜ್ ಆಗುವಾಗ ಶಾರ್ಟ್ ಆಗಿ ವಿಪರೀತ ಬಿಸಿಯಾಗಬಹುದು ಎಂಬುದು ಅದರ ಸಾರ. ಅಂಥ ಬ್ಯಾಟರಿಗಳ ಸಂಖ್ಯೆ 4.6 ಕೋಟಿ. ಜಗತ್ತಿನಾದ್ಯಂತ ವರದಿಯಾಗಿದ್ದ ಪ್ರಕರಣಗಳು ಸುಮಾರು ನೂರು. ಯಾರಿಗೂ ಗಂಭೀರ ಗಾಯವಾಗಿರಲಿಲ್ಲ. ಆದರೂ ದೇಶದ ನಗರಗಳಲ್ಲಿ ಜನ ನೋಕಿಯಾ ಮಳಿಗೆಗಳಿಗೆ ಮುಗಿಬಿದ್ದರು.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೂ ಇದು ದೂರದ ಸುದ್ದಿಯಾಗಿರಲಿಲ್ಲ. ಆ ಕಾಲದ ನೋಕಿಯಾ 1100 ಹಳ್ಳಿಯವರ ಫೋನ್. ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ತೋಟಕ್ಕೆ ಹೋಗುವವರಿಗೆ ಅದರ ಟಾರ್ಚ್ ಆಸರೆ. ಅದರೊಳಗಿದ್ದದ್ದೂ ಬಿಎಲ್-5ಸಿ ಮಾದರಿಯ ಬ್ಯಾಟರಿಯೇ. ಬ್ಯಾಟರಿಯ ಬೆನ್ನಿನಲ್ಲಿದ್ದ 26 ಅಕ್ಷರ-ಅಂಕಿಗಳ ಗುರುತನ್ನು ಕಂಪನಿಗೆ ತಿಳಿಸಿದರೆ, ಅದು ದೋಷದ ಪಟ್ಟಿಯಲ್ಲಿದ್ದರೆ ಹೊಸ ಬ್ಯಾಟರಿ ಉಚಿತ. ಡೂಪ್ಲಿಕೇಟ್ ಬ್ಯಾಟರಿ ಹಾಕಿಸಿಕೊಂಡಿದ್ದವರಿಗೆ ಏನೂ ಇಲ್ಲ.

ಅಂದಿನ ಲೆಕ್ಕ ಸುಲಭವಾಗಿತ್ತು. ದುಡ್ಡು ಕೊಟ್ಟು ಫೋನ್ ತಂದಿದ್ದರು, ಬ್ಯಾಟರಿ ಕೆಟ್ಟರೆ ಇನ್ನೊಂದು ಬ್ಯಾಟರಿ. ಕೊಡುಕೊಳ್ಳುವಿಕೆ ಅಲ್ಲಿಗೆ ಮುಗಿಯುತ್ತಿತ್ತು.

ಮುಂದಿನ ಹತ್ತು ವರ್ಷಗಳಲ್ಲಿ ಫೋನ್ ಕೊಳ್ಳುವ ಬಗೆಯೇ ಬದಲಾಯಿತು. ಮುಂಗಡ ಬುಕಿಂಗ್ ಮಾಡಿದರೆ ಉಡುಗೊರೆ, ಹಳೆಯದನ್ನು ಕೊಟ್ಟರೆ ಎಕ್ಸ್‌ಚೇಂಜ್ ಬೋನಸ್, ಇಂಥ ಬ್ಯಾಂಕಿನ ಕಾರ್ಡ್ ಇದ್ದರೆ ಕ್ಯಾಶ್‌ಬ್ಯಾಕ್, ಉಳಿದದ್ದಕ್ಕೆ ಇಎಂಐ. ಒಂದು ಫೋನಿನ ಹಿಂದೆ ನಾಲ್ಕು ಒಪ್ಪಂದಗಳು ಸೇರಿಕೊಂಡವು. ಫೋನನ್ನೇ ಕಂಪನಿ ವಾಪಸ್ ಕರೆದರೆ ಈ ನಾಲ್ಕರ ಗತಿ ಏನು ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು 2016ರಲ್ಲಿ.

ಆ ವರ್ಷದ ಆಗಸ್ಟ್ 11ರಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನನ್ನು ಭಾರತದಲ್ಲಿ ಅನಾವರಣಗೊಳಿಸಿತು. ಬೆಲೆ ₹59,900; ಮಾರಾಟ ಸೆಪ್ಟೆಂಬರ್ 2ರಿಂದ. ಮುಂಗಡ ಬುಕಿಂಗ್ ಕೂಡ ನಡೆಯಿತು. ಆದರೆ ಅದೇ ಸೆಪ್ಟೆಂಬರ್ 2ರಂದು, ಬೇರೆ ದೇಶಗಳಲ್ಲಿ ಫೋನ್‌ಗಳು ಹೊತ್ತಿಕೊಂಡ ಕಾರಣ, ಕಂಪನಿ ಸುಮಾರು 25 ಲಕ್ಷ ಫೋನ್‌ಗಳನ್ನು ಹಿಂದಕ್ಕೆ ಕರೆಯಿತು. ಬದಲಿಗೆ ಕೊಟ್ಟ ಫೋನ್‌ಗಳೂ ಸುಟ್ಟವು. ಅಕ್ಟೋಬರ್ 11ಕ್ಕೆ ತಯಾರಿಕೆಯೇ ನಿಂತಿತು. ಒಂದು ಕಂಪನಿ ಪೂರೈಸಿದ ಬ್ಯಾಟರಿಯ ಮೂಲೆಯಲ್ಲಿ ಋಣ ವಿದ್ಯುದ್ವಾರ ಬಾಗಿತ್ತು, ಇನ್ನೊಂದು ಕಂಪನಿಯದರಲ್ಲಿ ಬೆಸುಗೆಯ ಉಬ್ಬುಗಳು ಒಳಪದರವನ್ನು ಚುಚ್ಚಿದ್ದವು ಎಂದು 2017ರ ಜನವರಿಯಲ್ಲಿ ಸ್ಯಾಮ್‌ಸಂಗ್ ವಿವರಿಸಿತು.

ಭಾರತದಲ್ಲಿ ನೋಟ್ 7 ಮಾರಾಟಕ್ಕೆ ಬರಲೇ ಇಲ್ಲ. ಬುಕ್ ಮಾಡಿ ಕಾದವರಿಗೆ ಗ್ಯಾಲಕ್ಸಿ ಎಸ್7 ಅಥವಾ ಎಸ್7 ಎಡ್ಜ್ ಕೊಳ್ಳಿ, ಜೊತೆಗೆ ಗೇರ್ ವಿಆರ್ ಹೆಡ್‌ಸೆಟ್‌ನಂಥ ಉಡುಗೊರೆ ಕೊಡುತ್ತೇವೆ ಎಂದಿತು ಕಂಪನಿ. ಕೊರಿಯಾದಲ್ಲಿ ಇನ್ನೊಂದು ದಾರಿ ಹಿಡಿಯಿತು: ಈಗ ಎಸ್7 ತೆಗೆದುಕೊಂಡರೆ, ಅದರ ಬೆಲೆಯ ಅರ್ಧದಷ್ಟು ಕಟ್ಟಿ, ಮುಂದಿನ ವರ್ಷ ಬರುವ ಎಸ್8 ಅಥವಾ ನೋಟ್ 8ಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ಈ ಅನುಕೂಲ ಅದೇ ಕಂಪನಿಯಲ್ಲಿ ಉಳಿದವರಿಗೆ ಮಾತ್ರ. ದುಡ್ಡು ವಾಪಸ್ ಕೇಳಿ ಹೊರಟವರಿಗೆ ಅದು ದಕ್ಕುವಂತಿರಲಿಲ್ಲ. ಅಲ್ಲಿನ ನೂರಾರು ಗ್ರಾಹಕರು ಪರಿಹಾರ ಕೇಳಿ ಕೋರ್ಟ್ ಮೆಟ್ಟಿಲೇರಿದರು. 2017ರಲ್ಲಿ ಸೋಲ್ ನ್ಯಾಯಾಲಯ ಅವರ ಬೇಡಿಕೆಯನ್ನು ತಳ್ಳಿಹಾಕಿತು.

ಎರಡು ದೇಶಗಳಲ್ಲೂ ಒಂದು ಸಂಗತಿ ಸಮಾನ. ಕೈತಪ್ಪಿದ ಸೌಲಭ್ಯಕ್ಕೆ ಏನು ಕೊಡಬೇಕು, ಯಾರಿಗೆ ಕೊಡಬೇಕು ಎಂಬುದನ್ನು ತೀರ್ಮಾನಿಸಿದ್ದು ಕಂಪನಿ.

ಭಾರತದ ಕಾನೂನು ಆಮೇಲೆ ಗಟ್ಟಿಯಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅಪಾಯಕಾರಿ ಸರಕನ್ನು ಹಿಂದಕ್ಕೆ ಕರೆಸಿ, ಕೊಂಡವರಿಗೆ ಬೆಲೆ ಮರಳಿಸುವಂತೆ ಆದೇಶಿಸುವ ಅಧಿಕಾರವನ್ನು ಅದರ 20ನೇ ಸೆಕ್ಷನ್ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಟ್ಟಿತು. ಅದು ಕಾಗದದಲ್ಲೇ ಉಳಿದ ಅಧಿಕಾರವಲ್ಲ. ಗುಣಮಟ್ಟದ ನಿಯಮ ಪಾಲಿಸದ 2,265 ಪ್ರೆಷರ್ ಕುಕ್ಕರ್‌ಗಳನ್ನು ಹಿಂಪಡೆದು ಹಣ ಮರಳಿಸುವಂತೆ 2022ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಅಮೆಜಾನ್‌ಗೆ ಆದೇಶಿಸಿ, ₹1 ಲಕ್ಷ ದಂಡವನ್ನೂ ಹಾಕಿತು.

ಬೆಲೆ ಮರಳಿಸಬೇಕು, ಸರಿ. ಆದರೆ ಯಾವ ಬೆಲೆ?

ಅಡಿಕೆಯದೋ ತೆಂಗಿನಕಾಯಿಯದೋ ಈರುಳ್ಳಿಯದೋ ದುಡ್ಡು ಕೈಗೆ ಬಂದಾಗ ಫೋನ್ ಬದಲಾಯಿಸುವವರು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಬಹಳ. ಅಂಥವರೊಬ್ಬರು ₹24,000ದ ಫೋನಿಗೆ ₹20,000 ನಗದು ಮತ್ತು ತಮ್ಮ ಹಳೆಯ ಫೋನ್ ಕೊಟ್ಟರು ಎಂದುಕೊಳ್ಳಿ. ತಿಂಗಳ ಬಳಿಕ ಆ ಫೋನ್ ಹಿಂಪಡೆಯಲಾಯಿತು. ಬಿಲ್ಲಿನಲ್ಲಿದ್ದ ₹20,000 ಅವರ ಖಾತೆಗೆ ಬಂತು. ಹಳೆಯ ಫೋನ್ ಅಷ್ಟರಲ್ಲಿ ಯಾರದೋ ಕೈ ಸೇರಿರುತ್ತದೆ, ಎಕ್ಸ್‌ಚೇಂಜ್ ಆಫರ್ ಮುಗಿದಿರುತ್ತದೆ. ಅಂಥದ್ದೇ ಫೋನ್ ಕೊಳ್ಳಲು ಈಗ ಅವರು ₹24,000 ಹೊಂದಿಸಬೇಕು. ತಪ್ಪು ತಯಾರಿಸಿದವರದು, ₹4,000 ನಷ್ಟ ಕೊಂಡವರದು.

ಈ 20 ಮತ್ತು 24 ಸಾವಿರದ ಅಂಕಿಗಳು ಸರ್ಕಾರದ ಪುಸ್ತಕದಲ್ಲೇ ಇವೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 27ನೇ ನಿಯಮದ ಉದಾಹರಣೆ ಇದೇ: ಹಳೆಯ ಫೋನ್ ವಿನಿಮಯದೊಂದಿಗೆ ಹೊಸದನ್ನು ₹20,000ಕ್ಕೆ ಮಾರಿದಾಗ, ವಿನಿಮಯವಿಲ್ಲದೆ ಅದರ ಬೆಲೆ ₹24,000 ಆಗಿದ್ದರೆ, ಹೊಸ ಫೋನಿನ ಮುಕ್ತ ಮಾರುಕಟ್ಟೆ ಮೌಲ್ಯ ₹24,000. ತೆರಿಗೆ ಎಣಿಸುವಾಗ ಹಳೆಯ ಫೋನಿಗೂ ಬೆಲೆಯಿದೆ ಎಂದು ಸರ್ಕಾರ ಒಪ್ಪಿದೆ. ಹಾಗಿದ್ದರೆ ಹಣ ಮರಳಿಸುವಾಗಲೂ ಆ ಬೆಲೆಯನ್ನು ಎಣಿಸುವುದು ನ್ಯಾಯ. ಹಿಂಪಡೆಯುವ ಆದೇಶಗಳಲ್ಲಿ ಪ್ರಾಧಿಕಾರ ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿ ಸಾಧನಗಳಿಲ್ಲದೆ ಇಲ್ಲ. ದೋಷವಿರುವ ವಸ್ತುವನ್ನು ವಾಪಸ್ ಪಡೆದು, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಪಡೆದ ಪ್ರತಿಫಲವನ್ನು ಮರಳಿಸಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹಳೆಯ ಫೋನೂ ಪ್ರತಿಫಲವೇ ಎಂದು ವಾದಿಸಲು ಇಲ್ಲಿ ಜಾಗವಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಈ ಮೂರು ಊರಿನವರಿಗೆ ಅದು ಚಿಕ್ಕಮಗಳೂರು. ₹5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆನ್‌ಲೈನ್‌ನಲ್ಲೂ ಸಲ್ಲಿಸಬಹುದಾದ್ದರಿಂದ ಅಜ್ಜಂಪುರದಿಂದ ಅಷ್ಟು ದೂರ ಓಡಾಡಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಅಗತ್ಯವೂ ಇಲ್ಲ.

ಆದರೆ ಎಲ್ಲಕ್ಕೂ ಆಧಾರ ಬಿಲ್ಲು. ಮುಂದಿನ ಸಲ ಫೋನ್ ಬದಲಾಯಿಸುವವರು ಹಳೆಯ ಫೋನಿನ ಮಾದರಿ, ಐಎಂಇಐ ಸಂಖ್ಯೆ, ಅದಕ್ಕೆ ಕಟ್ಟಿದ ಬೆಲೆ, ಸಿಕ್ಕ ಬೋನಸ್ ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಫರ್‌ನ ಜಾಹೀರಾತು ಅಥವಾ ಸ್ಕ್ರೀನ್‌ಶಾಟನ್ನು ಅದರ ಜೊತೆಗೇ ಇಟ್ಟುಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಹಳೆಯ ಫೋನ್ ಬಿಟ್ಟು ಬರಬೇಡಿ.