ನೀವು ಓದಬೇಕಾದ್ದನ್ನು ನೀವೇ ಆರಿಸಿ: ಫೀಡ್ ಬಳಸುವ ಬಗೆ

ಮುಂಬೈ, ಪುಣೆ, ಚೆನ್ನೈಗಳಲ್ಲಿದ್ದು ಕನ್ನಡ ಓದುವವರಿಗೆ ಇಂಟರ್‌ನೆಟ್ಟೇ ದೊಡ್ಡ ಆಸರೆ. ಆದರೆ ನಿಮಗೆ ಇಷ್ಟವಾದ ಬ್ಲಾಗಿನವರು ಮೂರು ತಿಂಗಳಿಗೊಮ್ಮೆ ಬರೆಯುವವರಾದರೆ, ಅವರು ಬರೆದದ್ದು ನಿಮಗೆ ಗೊತ್ತಾಗೋದು ಹೇಗೆ? ಫೇಸ್‌ಬುಕ್ಕಿನಲ್ಲಿ ಯಾವುದು ಮೇಲೆ ಬರಬೇಕೆಂದು ತೀರ್ಮಾನಿಸುವುದು ಅದರದೇ ಲೆಕ್ಕಾಚಾರ. ವಾಟ್ಸಾಪಿನಲ್ಲಿ ಬಂದ ಲಿಂಕು ಶುಭೋದಯಗಳ ರಾಶಿಯಲ್ಲಿ ಮುಚ್ಚಿಹೋಗುತ್ತದೆ.

ಇದಕ್ಕೊಂದು ಹಳೆಯ, ಸರಳ ಉಪಾಯವಿದೆ: ಫೀಡ್. ಅನೇಕ ತಾಣಗಳು ಹೊಸ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿಗಳನ್ನು ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತವೆ. ಆರ್‌ಎಸ್‌ಎಸ್ ಎಂಬ ಈ ಕ್ರಮ 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿತು. ಆಟಮ್ ಎಂಬ ಇನ್ನೊಂದು ಕ್ರಮ 2005ರಲ್ಲಿ ಅಧಿಕೃತ ಮಾನಕವಾಯಿತು. ಇಂದಿನ ಪಾಡ್‌ಕಾಸ್ಟುಗಳೂ ಹೆಚ್ಚಾಗಿ ಆರ್‌ಎಸ್‌ಎಸ್ ಮೂಲಕವೇ ನಿಮ್ಮನ್ನು ತಲುಪುತ್ತವೆ.

ಈ ಕಡತಗಳನ್ನು ಆಗಾಗ ನೋಡಿ, ಹೊಸದನ್ನು ಒಂದೇ ಕಡೆ ತಂದಿಡುವ ತಂತ್ರಾಂಶವೇ ಫೀಡ್ ರೀಡರ್. ಮೊಬೈಲಿಗೆ ಫೀಡ್ಲಿ, ಇನೋರೀಡರ್ ಇವೆ. ಕಂಪ್ಯೂಟರಿನಲ್ಲಿ ಇಮೇಲ್ ನೋಡುವ ಥಂಡರ್‌ಬರ್ಡಿನಲ್ಲೂ ಈ ಸೌಲಭ್ಯವಿದೆ.

ಮಾಡಬೇಕಾದ್ದು ಇಷ್ಟೇ. ರೀಡರ್ ತೆರೆದು ತಾಣದ ವಿಳಾಸ ಅಂಟಿಸಿ; ಸಾಮಾನ್ಯವಾಗಿ ಫೀಡನ್ನು ಅದೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ, ವರ್ಡ್‌ಪ್ರೆಸ್ ತಾಣವಾದಲ್ಲಿ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿ ನೋಡಿ. ಬರೆದವರಿಗೆ ನಿಮ್ಮ ಇಮೇಲನ್ನಾಗಲಿ ಫೋನ್ ನಂಬರನ್ನಾಗಲಿ ಕೊಡಬೇಕಿಲ್ಲ. ಬೇಡವಾದರೆ ಅಳಿಸಿದರಾಯ್ತು.

ಮಿತಿಗಳೂ ಇವೆ. ಕೆಲವು ತಾಣಗಳು ಮೊದಲ ನಾಲ್ಕು ಸಾಲು ಮಾತ್ರ ಕೊಡುತ್ತವೆ, ಕೆಲವು ಫೀಡನ್ನೇ ಕೊಡುವುದಿಲ್ಲ. ರೀಡರ್ ಕೂಡ ಶಾಶ್ವತವಲ್ಲ: ತುಂಬ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಆದರೂ ಬಳಕೆದಾರರು ತಮ್ಮ ಪಟ್ಟಿಯನ್ನು ಇಳಿಸಿಕೊಂಡು ಬೇರೆ ರೀಡರಿಗೆ ಹೋಗಬಹುದಿತ್ತು. ಒಪಿಎಂಎಲ್ ಎಂಬ ಆ ಪಟ್ಟಿಯ ಕಡತವನ್ನು ನೀವೂ ವರ್ಷಕ್ಕೊಮ್ಮೆ ಉಳಿಸಿಟ್ಟುಕೊಳ್ಳಿ.

ಫೀಡಿನಲ್ಲಿ ದಿನಕ್ಕೆ ಹತ್ತು ಸಲ ಬರೆಯುವವರೂ ವರ್ಷಕ್ಕೆ ನಾಲ್ಕು ಸಲ ಬರೆಯುವವರೂ ಒಂದೇ, ಲೈಕಿನ ಲೆಕ್ಕವಿಲ್ಲ. ಓದುಗರು ಕಡಿಮೆಯೆಂದು ಕನ್ನಡದಲ್ಲಿ ಬರೆಯುವುದನ್ನೇ ಬಿಟ್ಟವರಿದ್ದಾರೆ. ಈಗಲೂ ಬರೆಯುತ್ತಿರುವ ಐದು ಜನರನ್ನು ಆರಿಸಿ ಇವತ್ತೇ ನಿಮ್ಮ ಪಟ್ಟಿಗೆ ಸೇರಿಸಿ. ಅವರ ಮುಂದಿನ ಬರಹ ಯಾವಾಗ ಬಂದರೂ ನಿಮಗೆ ಸಿಗುತ್ತದೆ.